ಪುಸ್ತಕದಲ್ಲಿ ಉತ್ತರ ಯಾಕಿಲ್ಲ? ಸಕ್ರಿಯ ಕಲಿಕೆ ಅಂದರೆ ಏನು, ಅದರಿಂದ ಮಕ್ಕಳಿಗೆ ಏನಾಗುತ್ತದೆ

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಕ್ಲಾಸ್ ಪಿಟಿಎ ನಡೆಯುತ್ತಿತ್ತು. ಹೊರಗೆ ಜೋರು ಮಳೆ. ಒಳಗೆ ಎಂಟನೇ ತರಗತಿಯ ಮಕ್ಕಳ ತಂದೆ ತಾಯಂದಿರು. ಸಭೆ ಮುಗಿಯುವ ಹೊತ್ತಿಗೆ ಒಬ್ಬರು ತಾಯಿ ಎದ್ದು ನಿಂತು ಕೇಳಿದರು: "ಟೀಚರೇ, ಹೊಸ ಪುಸ್ತಕ ತುಂಬ ಬರೀ ಪ್ರಶ್ನೆ. ಉತ್ತರ ಎಲ್ಲಿಯೂ ಇಲ್ಲ. ಮಕ್ಕಳು ಬಾಯಿಪಾಠ ಮಾಡುವುದು ಯಾವುದನ್ನು?" ಅವರ ಪಕ್ಕದಲ್ಲಿದ್ದವರು ಸೇರಿಸಿದರು: "ಕ್ಲಾಸಿನಲ್ಲಿ ಗುಂಪು ಮಾಡಿ ಮಾತಾಡಿಸ್ತಾರಂತೆ. ಹಾಗಾದರೆ ಪಾಠ ಮಾಡುವುದು ಯಾವಾಗ?"

ನಾನೂ ಆ ಬೆಂಚುಗಳಲ್ಲಿ ಒಂದರಲ್ಲಿ ಕೂತಿದ್ದೆ. ಟೀಚರ್ ಚೆನ್ನಾಗಿಯೇ ಉತ್ತರ ಕೊಟ್ಟರು. ಆದರೆ ಹತ್ತು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ಮನೆಗೆ ಹೋಗುವ ಬಸ್ಸಿನಲ್ಲೂ ಅದೇ ಮಾತು ಮುಂದುವರಿಯಿತು. ಆ ತಾಯಿಯ ಪ್ರಶ್ನೆಗೆ ನಿಧಾನವಾಗಿ, ಮೊದಲಿನಿಂದ ಉತ್ತರ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಈ ಪ್ರಶ್ನೆ ಈಗ ಏಳುವುದಕ್ಕೆ ಎರಡು ಕಾರಣಗಳಿವೆ. ಒಂದು, ಕೇರಳದ ಶಾಲಾ ಪುಸ್ತಕಗಳೆಲ್ಲ ಬದಲಾಗಿವೆ. 2024ರಲ್ಲಿ 1, 3, 5, 7, 9ನೇ ತರಗತಿಗಳಿಗೂ 2025ರಲ್ಲಿ 2, 4, 6, 8, 10ನೇ ತರಗತಿಗಳಿಗೂ ಹೊಸ ಪುಸ್ತಕ ಬಂತು. ಕಾಸರಗೋಡು, ಮಂಜೇಶ್ವರದ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಓದುವುದೂ ಇದೇ ಪಾಠಗಳನ್ನು. ಎರಡನೆಯದು, ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಕನಿಷ್ಠ 30% ಅಂಕ ಬೇಕು ಅನ್ನುವ ನಿಯಮ. ಎಂಟನೇ ತರಗತಿಗೆ ಇದು 2024–25ರಲ್ಲೇ ಶುರುವಾಯಿತು. ಒಂದು ಕಡೆ ಪುಸ್ತಕದಲ್ಲಿ ಉತ್ತರ ಇಲ್ಲ, ಇನ್ನೊಂದು ಕಡೆ ಪರೀಕ್ಷೆ ಬಿಗಿಯಾಗಿದೆ. ಹೆತ್ತವರಿಗೆ ಗಾಬರಿಯಾಗದೆ ಇರುತ್ತದಾ?

ಮಡಲು ಹೆಣೆಯುವುದನ್ನು ನೋಡಿದರೆ ಸಾಕೇ?

ಅಜ್ಜಿ ಅಂಗಳದಲ್ಲಿ ಕೂತು ತೆಂಗಿನ ಮಡಲು ಹೆಣೆಯುತ್ತಿದ್ದುದನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಒಂದು ಗರಿ ಮೇಲೆ, ಒಂದು ಗರಿ ಕೆಳಗೆ. ನೋಡುವಾಗ ಏನೂ ಕಷ್ಟವಿಲ್ಲ. "ಇಷ್ಟೇ ಅಲ್ವಾ" ಅನ್ನಿಸುತ್ತದೆ. ಮಡಲನ್ನು ನಮ್ಮ ಕೈಗೆ ಕೊಟ್ಟು "ಹೆಣೆ ನೋಡುವ" ಅಂದರೆ ಮೂರನೇ ಗರಿಗೇ ಸಿಕ್ಕು ಬೀಳುತ್ತದೆ. ಆಗ ಅಜ್ಜಿ "ಅದಲ್ಲ, ಅದರ ಪಕ್ಕದ್ದು" ಅನ್ನುತ್ತಾರೆ. ಬಿಚ್ಚಿ ಮತ್ತೆ ಹೆಣೆಯುತ್ತೇವೆ. ಕಲಿಕೆ ಆಗುವುದು ಹೀಗೆ ಬಿಚ್ಚಿ ಹೆಣೆಯುವಾಗ.

ಇದನ್ನೇ ತರಗತಿಗೆ ತಂದರೆ ಸಕ್ರಿಯ ಕಲಿಕೆ. ಮಕ್ಕಳು ಸುಮ್ನೆ ಕೂತು ಕೇಳಿ ಬರೆದುಕೊಳ್ಳುವ ಬದಲು ಏನಾದರೂ ಮಾಡಬೇಕು, ತಾವು ಏನು ಮಾಡುತ್ತಿದ್ದೇವೆ ಅಂತ ಯೋಚಿಸಲೂ ಬೇಕು. 1991ರಲ್ಲಿ ಬಾನ್‌ವೆಲ್, ಐಸನ್ ಎಂಬ ಇಬ್ಬರು ಅಮೆರಿಕದ ಶಿಕ್ಷಣ ತಜ್ಞರು ಇದನ್ನು ವಿವರಿಸಿದ್ದು ಹೆಚ್ಚು ಕಡಿಮೆ ಹೀಗೆಯೇ. ಅವರ ವಿವರಣೆಯಲ್ಲಿ ಆ "ಯೋಚಿಸಲೂ ಬೇಕು" ಅನ್ನುವ ತುಂಡು ಬಹಳ ಮುಖ್ಯ. ಕತ್ತರಿ, ಗೋಂದು, ಬಣ್ಣದ ಕಾಗದ ಹಿಡಿದ ಮಾತ್ರಕ್ಕೆ ಅದು ಸಕ್ರಿಯ ಕಲಿಕೆ ಆಗುವುದಿಲ್ಲ. ಕೈ ಓಡಾಡಿ ತಲೆ ಮಲಗಿದ್ದರೆ ಅದು ಕರಕುಶಲ ಅಷ್ಟೆ. ಕೈ ಸುಮ್ಮನಿದ್ದು ತಲೆ ಓಡುತ್ತಿದ್ದರೆ, ಉದಾಹರಣೆಗೆ ಒಂದು ಲೆಕ್ಕದಲ್ಲಿ ಎಲ್ಲಿ ತಪ್ಪಾಯಿತು ಅಂತ ಮಗು ಹುಡುಕುತ್ತಿದ್ದರೆ, ಅದು ಸಕ್ರಿಯ ಕಲಿಕೆಯೇ.

ತಲೆಯೊಳಗೆ ನಡೆಯುವುದೇನು

ನಮ್ಮ ನೆನಪಿನಲ್ಲಿ ಎರಡು ಕೋಣೆ ಇವೆ ಅಂತ ಇಟ್ಟುಕೊಳ್ಳಿ. ಒಂದು ಜಗಲಿ, ಇನ್ನೊಂದು ಅಟ್ಟ. ಈ ಕ್ಷಣ ಯೋಚಿಸುತ್ತಿರುವುದೆಲ್ಲ ಜಗಲಿಯಲ್ಲಿ ಇರುತ್ತದೆ. ಆದರೆ ಜಗಲಿ ಬಹಳ ಚಿಕ್ಕದು. ಒಮ್ಮೆಗೆ ಸುಮಾರು 4 ಹೊಸ ಸಂಗತಿಗಳನ್ನು ಇಟ್ಟುಕೊಂಡರೆ ಭರ್ತಿ ಅಂತ ಮನಶ್ಶಾಸ್ತ್ರದ ಪ್ರಯೋಗಗಳು ತೋರಿಸಿವೆ. ಟೀಚರ್ 40 ನಿಮಿಷ ಒಂದೇ ಸಮನೆ ಹೇಳುತ್ತಾ ಹೋದರೆ ಹೊಸದು ಬಂದ ಹಾಗೆ ಹಳೆಯದು ಜಗಲಿಯಿಂದ ಅಂಗಳಕ್ಕೆ ಬೀಳುತ್ತದೆ. ಮಗು ಗಮನ ಕೊಡಲಿಲ್ಲ ಅಂತ ಬೈದು ಪ್ರಯೋಜನವಿಲ್ಲ. ಜಾಗ ಇದ್ದದ್ದೇ ಅಷ್ಟು.

ಅಟ್ಟ ದೊಡ್ಡದು. ಅಲ್ಲಿ ಎಷ್ಟು ಇಟ್ಟರೂ ಹಿಡಿಸುತ್ತದೆ. ಆದರೆ ಜಗಲಿಯಲ್ಲಿರುವುದು ತಾನಾಗಿ ಅಟ್ಟಕ್ಕೆ ಹೋಗುವುದಿಲ್ಲ. ಅದಕ್ಕೆ ಎರಡು ಕೆಲಸ ಆಗಬೇಕು. ಮೊದಲನೆಯದು, ಅಲ್ಲಿ ಈಗಾಗಲೇ ಇರುವ ಯಾವುದಾದರೂ ವಸ್ತುವಿಗೆ ಹೊಸದನ್ನು ಕಟ್ಟಬೇಕು. "ಇದು ನಮ್ಮ ತೋಟದಲ್ಲಿ ಆಗುವ ಹಾಗೆಯೇ ಅಲ್ವಾ" ಅಂತ ಮಗುವಿಗೆ ಹೊಳೆಯುತ್ತದಲ್ಲ, ಆ ಗಂಟು ಬೀಳುವುದು ಆಗ. ಎರಡನೆಯದು, ಇಟ್ಟದ್ದನ್ನು ಆಗಾಗ ಹತ್ತಿ ಹೋಗಿ ತೆಗೆದು ತರಬೇಕು.

ಎರಡನೆಯದರ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಮತ್ತೆ ಮತ್ತೆ ಓದಿದರೆ ನೆನಪು ಉಳಿಯುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. 2006ರಲ್ಲಿ ರೋಡಿಗರ್, ಕಾರ್ಪಿಕೆ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಸಣ್ಣ ಬರಹ ಕೊಟ್ಟರು. ಕೆಲವರು ಅದನ್ನು ಎರಡು ಸಲ ಓದಿದರು. ಇನ್ನು ಕೆಲವರು ಒಂದು ಸಲ ಓದಿ, ಬರಹವನ್ನು ಬದಿಗಿಟ್ಟು ನೆನಪಿಗೆ ಬಂದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದೆ: ಅವರಿಗೆ 81% ನೆನಪಿತ್ತು, ಇನ್ನೊಂದು ಗುಂಪಿಗೆ 75%. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಲೆಕೆಳಗಾಯಿತು. ಓದಿ ಓದಿ ಕಲಿತವರಿಗೆ ಉಳಿದದ್ದು 42%, ನೆನಪಿಸಿಕೊಂಡು ಬರೆದವರಿಗೆ 56%.

ಗುಡ್ಡದ ಕಾಲುದಾರಿಯನ್ನು ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಎರಡು ವಾರ ಯಾರೂ ನಡೆಯದಿದ್ದರೆ ಹುಲ್ಲು ಮುಚ್ಚಿ ದಾರಿಯೇ ಕಾಣುವುದಿಲ್ಲ. ದಿನಾ ಒಬ್ಬರಾದರೂ ನಡೆದರೆ ದಾರಿ ದಾರಿಯಾಗಿಯೇ ಇರುತ್ತದೆ. ಓದುವುದು ಅಂದರೆ ಮನೆಯ ಮೆಟ್ಟಿಲಲ್ಲಿ ನಿಂತು ಆ ದಾರಿಯನ್ನು ನೋಡಿದ ಹಾಗೆ. ನೆನಪಿಸಿಕೊಳ್ಳುವುದು ಅಂದರೆ ಅದರಲ್ಲಿ ನಡೆದ ಹಾಗೆ.

ಪುಸ್ತಕದಲ್ಲಿ ಪ್ರಶ್ನೆ ಜಾಸ್ತಿ ಇರುವುದಕ್ಕೆ ಇದೇ ಕಾರಣ. ಉತ್ತರ ಕಣ್ಣೆದುರೇ ಇದ್ದರೆ ಯಾರೂ ಅಟ್ಟ ಹತ್ತುವುದಿಲ್ಲ.

ಮೈಲುತುತ್ತಿನಲ್ಲಿ ಅದ್ದಿದ ಕತ್ತಿ

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ನಮ್ಮ ಊರಿನದ್ದೇ ಆಗಲಿ.

ಮಳೆಗಾಲಕ್ಕೆ ಮೊದಲು ಅಡಿಕೆಗೆ ಮದ್ದು ಬಿಡುವುದು ಇಲ್ಲಿನ ಮಕ್ಕಳಿಗೆಲ್ಲ ಗೊತ್ತು. ಕೊಳೆರೋಗ ಬಾರದ ಹಾಗೆ ಬೋರ್ಡೋ ಮಿಶ್ರಣ ಬಿಡುತ್ತಾರೆ. 1% ಮಿಶ್ರಣಕ್ಕೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಕಲಸಿ ಆದ ಮೇಲೆ ಹಳಬರು ಒಂದು ಕೆಲಸ ಮಾಡುತ್ತಾರೆ. ಹೊಳೆಯುವ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಕತ್ತಿ ಕೆಂಪಗಾಗಿದ್ದರೆ ಇನ್ನಷ್ಟು ಸುಣ್ಣ ಹಾಕುತ್ತಾರೆ.

ಈಗ ರಸಾಯನ ವಿಜ್ಞಾನದ ತರಗತಿ. ಪಾಠ ಲೋಹಗಳ ಕ್ರಿಯಾಶೀಲತೆಯದ್ದು. ಹಳೆಯ ರೀತಿಯಲ್ಲಿ ಮಾಷ್ಟ್ರು ಬೋರ್ಡಿನಲ್ಲಿ ಬರೆಯುತ್ತಾರೆ: "ಹೆಚ್ಚು ಕ್ರಿಯಾಶೀಲ ಲೋಹವು ಕಡಿಮೆ ಕ್ರಿಯಾಶೀಲ ಲೋಹವನ್ನು ಅದರ ಲವಣದ ದ್ರಾವಣದಿಂದ ಹೊರಗೆ ಹಾಕುತ್ತದೆ." ಮಕ್ಕಳು ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಅದೇ ವಾಕ್ಯ ಬರೆದರೆ ಅಂಕವೂ ಸಿಗುತ್ತದೆ.

ಸಕ್ರಿಯ ಕಲಿಕೆಯ ತರಗತಿ ಬೇರೆ ಥರ ಶುರುವಾಗುತ್ತದೆ. ಮಾಷ್ಟ್ರು ಒಂದು ಗಾಜಿನ ಲೋಟದಲ್ಲಿ ಮೈಲುತುತ್ತಿನ ನೀಲಿ ನೀರು, ಉಜ್ಜಿ ಹೊಳೆಯುವ ಹಾಗೆ ಮಾಡಿದ ಕಬ್ಬಿಣದ ಮೊಳೆ ಇಟ್ಟುಕೊಳ್ಳುತ್ತಾರೆ. ಅದ್ದುವ ಮೊದಲೇ ಕೇಳುತ್ತಾರೆ: "ಏನಾಗಬಹುದು? ಒಂದು ನಿಮಿಷ ಯಾರೂ ಮಾತಾಡಬೇಡಿ. ನಿಮ್ಮ ಊಹೆಯನ್ನು ಪುಸ್ತಕದಲ್ಲಿ ಬರೆಯಿರಿ." ಆಮೇಲೆ ಪಕ್ಕದವರ ಹತ್ತಿರ ಎರಡು ನಿಮಿಷ ಮಾತು. "ತುಕ್ಕು ಹಿಡಿಯುತ್ತದೆ" ಅಂತ ಒಬ್ಬ. "ನಮ್ಮ ಅಜ್ಜ ಅದ್ದುವಾಗ ಕೆಂಪಾಗ್ತದೆ" ಅಂತ ಇನ್ನೊಬ್ಬಳು. "ಕೆಂಪಾಗುವುದೂ ತುಕ್ಕೇ ಅಲ್ವಾ?" ಇಲ್ಲಿ ಒಳ್ಳೆಯ ಜಗಳ ಹುಟ್ಟಿತು. ಈಗ ಮೊಳೆ ಅದ್ದುತ್ತಾರೆ. ಕೆಂಪು ಪದರ ಬರುತ್ತದೆ. ತುಕ್ಕಾ, ತಾಮ್ರವಾ? ಗೊತ್ತು ಮಾಡುವುದು ಹೇಗೆ? ಬರೀ ನೀರಿನಲ್ಲಿ ಇನ್ನೊಂದು ಮೊಳೆ ಇಟ್ಟು ನೋಡುವ ಅಂತ ಮಗುವೊಂದು ಹೇಳಬಹುದು. ಯಾರೂ ಹೇಳದಿದ್ದರೆ ಮಾಷ್ಟ್ರೇ ಸುಳಿವು ಕೊಡುತ್ತಾರೆ. ಬರೀ ನೀರಿನಲ್ಲಿ ಅಷ್ಟು ಬೇಗ ಏನೂ ಆಗಲಿಲ್ಲ. ಹಾಗಾದರೆ ಆ ಕೆಂಪು ನೀಲಿ ನೀರಿನಿಂದಲೇ ಬಂದದ್ದು. ನೀಲಿ ನೀರಿನಲ್ಲಿ ಇದ್ದದ್ದು ತಾಮ್ರ.

ಇಷ್ಟಾದ ಮೇಲೆ ಮಾಷ್ಟ್ರು ನಿಯಮವನ್ನು ಬೋರ್ಡಿನಲ್ಲಿ ಬರೆಯುತ್ತಾರೆ. ಹೌದು, ಬರೆಯಲೇಬೇಕು. ಆದರೆ ಅಷ್ಟರಲ್ಲಿ ಆ ವಾಕ್ಯ ಕೂರುವುದಕ್ಕೆ ತಲೆಯಲ್ಲಿ ಜಾಗ ಸಿದ್ಧವಾಗಿರುತ್ತದೆ. ಕೊನೆಗೆ ಇನ್ನೊಂದು ಪ್ರಶ್ನೆ: "ಮೈಲುತುತ್ತನ್ನು ಕಬ್ಬಿಣದ ಬಾಲ್ದಿಯಲ್ಲಿ ಕರಗಿಸಬಾರದು ಅನ್ನುತ್ತಾರಲ್ಲ, ಯಾಕೆ?" ಈ ಪ್ರಶ್ನೆಯ ಉತ್ತರ ಪುಸ್ತಕದಲ್ಲಿ ಇಲ್ಲ. ಮಗುವಿನ ತಲೆಯಲ್ಲಿ ಈಗ ಇದೆ. ಬಾಲ್ದಿ ಸವೆಯುತ್ತದೆ, ಮದ್ದಿನಲ್ಲಿರಬೇಕಾದ ತಾಮ್ರ ಬಾಲ್ದಿಗೆ ಅಂಟುತ್ತದೆ. ಗಣಿತದ ಟೀಚರಿಗೂ ಇಲ್ಲಿ ಕೆಲಸ ಇದೆ: 60 ಲೀಟರಿನ ಡ್ರಮ್ಮಿಗೆ ಮೈಲುತುತ್ತು ಎಷ್ಟು ಗ್ರಾಂ? 600 ಅಂತ ಹೇಳಿದ ಮಗುವಿಗೆ ಶೇಕಡಾ ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಹಲವು ರೂಪಗಳಿವೆ

ಮೇಲಿನ ತರಗತಿಯಲ್ಲಿ ಮಾಷ್ಟ್ರು ಬಳಸಿದ್ದು ತುಂಬ ಸರಳವಾದ ಕ್ರಮ: ಮೊದಲು ಒಬ್ಬನೇ ಯೋಚಿಸು, ಆಮೇಲೆ ಜೋಡಿಯಲ್ಲಿ ಮಾತಾಡು, ಕೊನೆಗೆ ಎಲ್ಲರಿಗೂ ಹೇಳು. ಫ್ರಾಂಕ್ ಲೈಮನ್ ಎಂಬವರು 1981ರಲ್ಲಿ ಇದನ್ನು ಪರಿಚಯಿಸಿದರು. ಇದಕ್ಕೆ ಸಾಮಗ್ರಿ ಬೇಡ, ಖರ್ಚು ಇಲ್ಲ. ಮೊದಲ ಒಂದು ನಿಮಿಷದ ಮೌನವೇ ಇದರ ಜೀವ. ಆ ಮೌನ ಇಲ್ಲದಿದ್ದರೆ ಚುರುಕಿನ ಇಬ್ಬರು ಮಕ್ಕಳು ಮಾತ್ರ ಉತ್ತರ ಹೇಳಿ ಮುಗಿಸುತ್ತಾರೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನದ ಅಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಕ್ರಮ ತಂದರು. ನಾಲ್ಕು ಆಯ್ಕೆಯ ಒಂದು ಪ್ರಶ್ನೆ ಕೊಡುವುದು, ಎಲ್ಲರೂ ಉತ್ತರ ಆರಿಸುವುದು, ಬೇರೆ ಉತ್ತರ ಆರಿಸಿದವರನ್ನು ಮಾತಿನಲ್ಲಿ ಒಪ್ಪಿಸಲು ನೋಡುವುದು, ಮತ್ತೆ ಆರಿಸುವುದು. ಈಗಷ್ಟೇ ಅರ್ಥ ಮಾಡಿಕೊಂಡ ಗೆಳೆಯನಿಗೆ ತಾನು ಎಲ್ಲಿ ಎಡವಿದ್ದೆ ಅಂತ ಇನ್ನೂ ನೆನಪಿರುತ್ತದೆ. ಇಪ್ಪತ್ತು ವರ್ಷದಿಂದ ಅದನ್ನೇ ಹೇಳುವ ಮಾಷ್ಟ್ರಿಗೆ ಅದು ಮರೆತುಹೋಗಿರಬಹುದು.

ಇನ್ನೊಂದು, ಪಾಠವನ್ನು ತುಂಡು ಮಾಡಿ ಹಂಚುವುದು. ಪ್ರತಿ ಮಗು ತನ್ನ ತುಂಡನ್ನು ಕಲಿತು ಗುಂಪಿನ ಉಳಿದವರಿಗೆ ಹೇಳಬೇಕು. ಎಲ್ಲರ ತುಂಡು ಸೇರಿದರೇ ಪಾಠ ಪೂರ್ತಿ. ಇದನ್ನು ಎಲಿಯಟ್ ಅರಾನ್ಸನ್ 1971ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಶುರು ಮಾಡಿದ್ದು, ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಮೊದಲ ಬಾರಿಗೆ ಒಟ್ಟಿಗೆ ಕೂತ ತರಗತಿಗಳಲ್ಲಿ ಜಗಳ ಕಡಿಮೆಯಾಗಲಿ ಅಂತ. ಒಬ್ಬರಿಗೆ ಇನ್ನೊಬ್ಬರು ಬೇಕೇ ಬೇಕು ಅನ್ನುವ ಸ್ಥಿತಿ ಮಾಡಿದರು.

ಆಮೇಲೆ ಪ್ರೊಜೆಕ್ಟ್. ಈ ಮಾತು ಕೇಳಿದರೆ ಹೆತ್ತವರಿಗೆ ಚಾರ್ಟ್ ಪೇಪರ್, ಫೋಟೋ ಪ್ರಿಂಟು ನೆನಪಾಗುತ್ತದೆ. ನಿಜವಾದ ಪ್ರೊಜೆಕ್ಟ್ ಒಂದು ಪ್ರಶ್ನೆಯಿಂದ ಹುಟ್ಟುತ್ತದೆ. ನಮ್ಮ ಗುಡ್ಡಗಳಲ್ಲಿರುವ ಸುರಂಗವನ್ನೇ ತೆಗೆದುಕೊಳ್ಳಿ. ಕೆಂಪುಕಲ್ಲಿನ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲದ ನೀರಿನ ದಾರಿ. ಪಂಪು ಇಲ್ಲ, ಕರೆಂಟು ಇಲ್ಲ, ನೀರು ತಾನಾಗಿ ಹರಿದು ಬರುತ್ತದೆ. "ಮಾರ್ಚ್ ತಿಂಗಳಲ್ಲಿ ಬಾವಿ ಒಣಗಿದರೂ ಕೆಲವು ಸುರಂಗದಲ್ಲಿ ನೀರು ಇರುವುದು ಹೇಗೆ?" ಈ ಒಂದು ಪ್ರಶ್ನೆ ಹಿಡಿದುಕೊಂಡು ಹೊರಟರೆ ಮಕ್ಕಳು ಕೆಂಪುಕಲ್ಲಿನ ತೂತುಗಳಲ್ಲಿ ಮಳೆನೀರು ಇಳಿಯುವುದನ್ನೂ, ಕೆಳಗಿನ ಗಟ್ಟಿ ಪದರದಲ್ಲಿ ಅದು ತಡೆದು ನಿಲ್ಲುವುದನ್ನೂ, ಒಳಗಿನಿಂದ ಹೊರಗೆ ಇಳಿಜಾರು ಯಾಕೆ ಬೇಕು ಅನ್ನುವುದನ್ನೂ ಕಲಿಯುತ್ತಾರೆ. ಒಂದು ಬಾಟಲಿ ತುಂಬಲು ಎಷ್ಟು ಸೆಕೆಂಡು ಬೇಕು ಅಂತ ತಿಂಗಳಿಗೊಮ್ಮೆ ಅಳೆದರೆ ಗ್ರಾಫ್ ಬರೆಯಲು ಬೇಕಾದ ಅಂಕಿ ಸಿಗುತ್ತದೆ. ಸುರಂಗ ತೋಡಿದ ಹಿರಿಯರು ಊರಲ್ಲಿದ್ದರೆ ಅವರ ಹತ್ತಿರ ಮಾತಾಡಬಹುದು. ಒಳಗೆ ಹೋಗುವುದು ಮಾತ್ರ ಬೇಡ, ಬಾಯಿಯ ಹತ್ತಿರ ನಿಂತೇ ಇಷ್ಟೆಲ್ಲ ಮಾಡಬಹುದು.

ಇದು ಹೊಸತಲ್ಲ

ನಮ್ಮ ಕಡೆಯ ಜನಕ್ಕೆ ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ) ಅನ್ನುವ ಹೆಸರು ನೆನಪಿರಬಹುದು. 1990ರ ದಶಕದ ಮಧ್ಯದಲ್ಲಿ ಕೇರಳದಲ್ಲಿ ಅದು ಮೊದಲು ಬಂದ ಮೂರು ಜಿಲ್ಲೆಗಳಲ್ಲಿ ಕಾಸರಗೋಡು ಒಂದು, ಉಳಿದವು ವಯನಾಡು ಮತ್ತು ಮಲಪ್ಪುರಂ. ಆಟ, ಹಾಡು, ಚಟುವಟಿಕೆ ಇದ್ದ ಆ ಪಾಠಗಳ ಬಗ್ಗೆ ಆಗಲೂ ದೊಡ್ಡ ಚರ್ಚೆ ನಡೆದಿತ್ತು. ಮಕ್ಕಳಿಗೆ ಅಕ್ಷರವೇ ಬರುವುದಿಲ್ಲ ಅನ್ನುವ ದೂರು ಆಗಲೂ ಇತ್ತು. 2007ರ ಕೇರಳದ ಪಠ್ಯಕ್ರಮ ಚೌಕಟ್ಟು ಮಗು ತನ್ನ ತಿಳಿವನ್ನು ತಾನೇ ಕಟ್ಟಿಕೊಳ್ಳುತ್ತದೆ ಅನ್ನುವ ಮಾತನ್ನೇ ತಳಪಾಯ ಮಾಡಿಕೊಂಡಿತು.

ಗಡಿಯಾಚೆ ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ನಲಿ-ಕಲಿ ಹುಟ್ಟಿತು. ಅದಕ್ಕೆ ಸ್ಫೂರ್ತಿ ಸಿಕ್ಕಿದ್ದು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಯ ಹಳ್ಳಿಶಾಲೆಗಳಿಂದ. ತಮಿಳುನಾಡು 2003ರಲ್ಲಿ ಚೆನ್ನೈ ನಗರದ ಶಾಲೆಗಳಲ್ಲಿ ಶುರು ಮಾಡಿದ ಕಾರ್ಡಿನ ಕಲಿಕೆಯ ಬೇರೂ ಅಲ್ಲಿಯೇ. ಮಗು ತನ್ನ ವೇಗದಲ್ಲಿ ಕಾರ್ಡಿನಿಂದ ಕಾರ್ಡಿಗೆ, ಏಣಿ ಹತ್ತಿದ ಹಾಗೆ ಮೇಲೆ ಹೋಗುತ್ತದೆ.

ಮಕ್ಕಳಿಗೆ ನಿಜವಾಗಿ ಉಪಯೋಗ ಆಗಿದೆಯೇ

ಈ ಪ್ರಶ್ನೆಗೆ ಬಹಳ ಗಟ್ಟಿಯಾದ ಉತ್ತರ 2014ರಲ್ಲಿ ಬಂತು. ಸ್ಕಾಟ್ ಫ್ರೀಮನ್ ಮತ್ತು ಜೊತೆಯವರು ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಕಾಲೇಜು ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ 100ಕ್ಕೆ ಸುಮಾರು 34 ಮಂದಿ ಫೇಲಾಗಿದ್ದರು. ಸಕ್ರಿಯ ಕಲಿಕೆಯ ತರಗತಿಗಳಲ್ಲಿ ಸುಮಾರು 22. ಪರೀಕ್ಷೆಯ ಅಂಕ ಸರಾಸರಿ 6% ಹೆಚ್ಚಿತ್ತು. 6% ಸಣ್ಣದು ಅನ್ನಿಸಬಹುದು. ಆದರೆ ಗಡಿಯಲ್ಲಿ ನಿಂತ ಮಗುವಿಗೆ ಅಷ್ಟೇ ಸಾಕು, ಈ ದಡದಿಂದ ಆ ದಡಕ್ಕೆ ದಾಟಲು.

2020ರಲ್ಲಿ ಬಂದ ಇನ್ನೊಂದು ಅಧ್ಯಯನ ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ಬಡವರ, ಹಿಂದುಳಿದ ಹಿನ್ನೆಲೆಯ ವಿದ್ಯಾರ್ಥಿಗಳಿಗೂ ಉಳಿದವರಿಗೂ ಇರುವ ಅಂತರ ಏನಾಗುತ್ತದೆ ಅಂತ ಎಲಿ ಥಿಯೋಬಾಲ್ಡ್ ಮತ್ತು ತಂಡ ನೋಡಿತು. ಪರೀಕ್ಷೆಯ ಅಂಕದ ಅಂತರ 33%, ಪಾಸಾಗುವುದರ ಅಂತರ 45% ತಗ್ಗಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಮನೆಯಲ್ಲಿ ಹೇಳಿಕೊಡುವವರು ಇರುವ, ಟ್ಯೂಷನ್ನಿಗೆ ಹೋಗುವ ಮಗು ತರಗತಿಯಲ್ಲಿ ಬರೀ ಕೇಳಿಸಿಕೊಂಡರೂ ಸಂಜೆ ಮನೆಯಲ್ಲಿ ಅಭ್ಯಾಸ ಮಾಡುತ್ತದೆ. ಅಡಿಕೆ ಸುಲಿಯಲು, ಬೀಡಿ ಕಟ್ಟಲು ಕೂರುವ ಮನೆಯ ಮಗುವಿಗೆ ಅಭ್ಯಾಸಕ್ಕೆ ಸಿಗುವ ಜಾಗ ತರಗತಿ ಮಾತ್ರ. ಒಂದು ಶರತ್ತು ಮಾತ್ರ ಇದೆ. ತರಗತಿಯ ಸಮಯದಲ್ಲಿ ಹೆಚ್ಚಿನ ಪಾಲು ಚಟುವಟಿಕೆಗೆ ಹೋದಲ್ಲಿ ಮಾತ್ರ ಅಂತರ ಹೀಗೆ ತಗ್ಗಿತ್ತು. ಅಪರೂಪಕ್ಕೊಮ್ಮೆ ಮಾಡಿದರೆ ಸಾಕಾಗಲಿಲ್ಲ.

ಇವೆಲ್ಲ ಕಾಲೇಜಿನ ಲೆಕ್ಕ. ನಮ್ಮ ಎಂಟನೇ ತರಗತಿಗೆ ಅದೇ ಅಂಕಿ ಹಾಗೆಯೇ ಹೊಂದುತ್ತದೆ ಅಂತ ಹೇಳಲು ಬರುವುದಿಲ್ಲ. ಆದರೆ ಜಗಲಿ, ಅಟ್ಟದ ಲೆಕ್ಕ ಎಲ್ಲ ತಲೆಗಳಿಗೂ ಒಂದೇ.

ಹೆತ್ತವರು ತಿಳಿಯಲೇಬೇಕಾದ ಇನ್ನೊಂದು ಪ್ರಯೋಗ 2019ರಲ್ಲಿ ಹಾರ್ವರ್ಡಿನಲ್ಲಿ ನಡೆಯಿತು. ಒಂದು ಗುಂಪಿಗೆ ಬಹಳ ಚೆಂದದ ಉಪನ್ಯಾಸ. ಇನ್ನೊಂದು ಗುಂಪಿಗೆ ಅದೇ ಪಾಠ, ಆದರೆ ಸಮಸ್ಯೆಗಳನ್ನು ತಾವೇ ಬಿಡಿಸಬೇಕು. ಪರೀಕ್ಷೆಯಲ್ಲಿ ಎರಡನೇ ಗುಂಪು ಮುಂದೆ ಇತ್ತು. "ನೀವು ಎಷ್ಟು ಕಲಿತಿರಿ ಅನ್ನಿಸುತ್ತದೆ?" ಅಂತ ಕೇಳಿದಾಗ ಅದೇ ಗುಂಪು ತಾವು ಕಡಿಮೆ ಕಲಿತೆವು ಅಂದಿತು! ಮಡಲಿನ ಕತೆಯೇ ಇದು. ಅಜ್ಜಿ ಹೆಣೆಯುವುದನ್ನು ನೋಡುವಾಗ ಎಲ್ಲ ಬಂದ ಹಾಗೆ ಅನ್ನಿಸುತ್ತದೆ, ತಾನೇ ಹೆಣೆಯುವಾಗ ಏನೂ ಬಾರದ ಹಾಗೆ ಅನ್ನಿಸುತ್ತದೆ. ಹಾಗಾಗಿ ಮಗು ಮನೆಗೆ ಬಂದು "ಇವತ್ತು ಟೀಚರ್ ಏನೂ ಕಲಿಸಲಿಲ್ಲ, ನಾವೇ ಮಾಡಿದ್ದು" ಅಂದರೆ ಕೂಡಲೇ ಶಾಲೆಗೆ ದೂರು ಕೊಂಡೊಯ್ಯಬೇಡಿ. ಏನು ಮಾಡಿದ್ದು ಅಂತ ಕೇಳಿ.

ವಾಟ್ಸಾಪಿನಲ್ಲಿ ಓಡಾಡುವ ಒಂದು ಚಿತ್ರದ ಬಗ್ಗೆಯೂ ಹೇಳಿಬಿಡುತ್ತೇನೆ. ಓದಿದರೆ 10% ನೆನಪು, ನೋಡಿದರೆ ಇಷ್ಟು, ಬೇರೆಯವರಿಗೆ ಕಲಿಸಿದರೆ 90% ಅನ್ನುವ ತ್ರಿಕೋನ ಅದು. ಆ ಅಂಕಿಗಳ ಹಿಂದೆ ಯಾವ ಪ್ರಯೋಗವೂ ಇಲ್ಲ. ಸಕ್ರಿಯ ಕಲಿಕೆಗೆ ಒಳ್ಳೆಯ ಆಧಾರಗಳು ಇರುವಾಗ ಈ ಸುಳ್ಳು ಲೆಕ್ಕ ನಮಗೆ ಬೇಡ.

ಎಲ್ಲಿ ಎಡವುತ್ತದೆ

ಮಕ್ಕಳೇ ಎಲ್ಲ ಕಂಡುಹಿಡಿಯಲಿ ಅಂತ ಟೀಚರ್ ಸುಮ್ನೆ ಕೂತರೆ ಕಲಿಕೆ ಆಗುವುದಿಲ್ಲ. ಕಿರ್ಷ್‌ನರ್, ಸ್ವೆಲರ್, ಕ್ಲಾರ್ಕ್ ಎಂಬ ಮೂವರು ಸಂಶೋಧಕರು 2006ರಲ್ಲಿ ಇದನ್ನು ಗಟ್ಟಿಯಾಗಿ ಹೇಳಿದರು. ವಿಷಯ ಪೂರ್ತಿ ಹೊಸತಾಗಿರುವಾಗ ಸಹಾಯವಿಲ್ಲದೆ ಬಿಟ್ಟರೆ ಆ ಸಣ್ಣ ಜಗಲಿ ಬೇಗ ತುಂಬಿ ಮಗು ಗೊಂದಲಕ್ಕೆ ಬೀಳುತ್ತದೆ. ಮೊಳೆಯ ಪ್ರಯೋಗದಲ್ಲಿ ಮಾಷ್ಟ್ರು ಸುಳಿವು ಕೊಟ್ಟದ್ದನ್ನೂ ಕೊನೆಗೆ ನಿಯಮ ಬರೆದದ್ದನ್ನೂ ನೆನಪಿಟ್ಟುಕೊಳ್ಳಿ. ಅಜ್ಜಿಯ "ಅದಲ್ಲ, ಅದರ ಪಕ್ಕದ್ದು" ಇಲ್ಲದೆ ಮಡಲು ಹೆಣೆಯಲು ಬರುವುದಿಲ್ಲ. ಮಗ್ಗಿ, ಕಾಗುಣಿತ, ಪದ್ಯ ಇವೆಲ್ಲ ಬಾಯಿಗೆ ಬರಲೇಬೇಕು. ಮಗ್ಗಿ ಅಟ್ಟದಲ್ಲಿ ಭದ್ರವಾಗಿದ್ದರೆ ಜಗಲಿ ಲೆಕ್ಕಕ್ಕೆ ಖಾಲಿ ಸಿಗುತ್ತದೆ.

ಗುಂಪಿನಲ್ಲಿ ಒಬ್ಬಳು ಬರೆದು ಉಳಿದ ನಾಲ್ವರು ಹೆಸರು ಹಾಕುವುದು ಇನ್ನೊಂದು ಸಮಸ್ಯೆ. ಅಂಗಡಿಯಲ್ಲಿ ಪ್ರಿಂಟು ತೆಗೆಸಿದ ಪ್ರೊಜೆಕ್ಟ್ ಕೂಡ ಅಷ್ಟೇ. ಅದರಲ್ಲಿ ಕಲಿತದ್ದು ಅಂಗಡಿಯವರು.

ಆದರೆ ನಮ್ಮ ಗಡಿನಾಡಿನಲ್ಲಿ ಇವೆಲ್ಲಕ್ಕಿಂತ ದೊಡ್ಡ ಮಾತು ಭಾಷೆಯದ್ದು. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು. ಒಂದೇ ಬೆಂಚಿನಲ್ಲಿ ಮೂರು ಮನೆಮಾತಿನ ಮಕ್ಕಳು ಇರುತ್ತಾರೆ. ಬೋರ್ಡಿನಿಂದ ನಕಲು ಮಾಡುವ ತರಗತಿಯಲ್ಲಿ ಮಗುವಿಗೆ ಮಾತು ಬಾರದಿದ್ದರೂ ಹೇಗೋ ದಿನ ಕಳೆಯುತ್ತದೆ. ಸಕ್ರಿಯ ಕಲಿಕೆಯ ತರಗತಿಯಲ್ಲಿ ಮಗು ಊಹಿಸಬೇಕು, ವಾದಿಸಬೇಕು, "ಯಾಕೆ" ಅಂತ ಕೇಳಬೇಕು. ಇದನ್ನೆಲ್ಲ ಮಾಡುವುದು ಮಾತಿನಲ್ಲಿ. ಮಾತು ಸರಾಗ ಇಲ್ಲದ ಕಡೆ ಯೋಚನೆಯೂ ತಡವರಿಸುತ್ತದೆ. ಮಗುವಿಗೆ ಗೊತ್ತಿರುವ ಭಾಷೆಯಲ್ಲೇ ಕಲಿಕೆ ಶುರುವಾಗಬೇಕು ಅಂತ ಯುನೆಸ್ಕೋ 1953ರಷ್ಟು ಹಿಂದೆಯೇ ಹೇಳಿತ್ತು.

ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ಇಲ್ಲಿ ಮಕ್ಕಳೂ ಹೆತ್ತವರೂ ಹೋರಾಟ ಮಾಡಿದ್ದಾರೆ. ಅದನ್ನು ಬರೀ ಭಾಷಾಭಿಮಾನದ ವಿಷಯ ಅಂತ ನೋಡಿದವರಿದ್ದಾರೆ. ಕಲಿಕೆಯ ಕಡೆಯಿಂದ ನೋಡಿದರೆ ಅದು ಇನ್ನೂ ನೇರವಾದ ಸಂಗತಿ. "ನಮ್ಮ ಅಜ್ಜ ಅದ್ದುವಾಗ ಕೆಂಪಾಗ್ತದೆ" ಅಂತ ಮಗು ಹೇಳಿದ್ದು ಅಧ್ಯಾಪಕರಿಗೆ ಅರ್ಥವಾಗದಿದ್ದರೆ ಆ ಪಾಠ ಅಲ್ಲಿಗೇ ನಿಂತಿತು. ಅದೇ ಮಗು ಗೆಳತಿಯ ಹತ್ತಿರ ತುಳುವಿನಲ್ಲಿ ಮಾತಾಡಿಕೊಂಡು, ಆಮೇಲೆ ತರಗತಿಗೆ ಕನ್ನಡದಲ್ಲಿ ಹೇಳಲು ಅವಕಾಶ ಇದ್ದರೆ ಎರಡು ಭಾಷೆಯೂ ಅದರ ಬಲವಾಗುತ್ತದೆ. ಜೋಡಿ ಮಾತಿನ ಹೊತ್ತಿಗೆ ಮನೆಮಾತು ಬಳಸಲು ಬಿಡುವ ಟೀಚರುಗಳು ನಮ್ಮಲ್ಲಿದ್ದಾರೆ. ಅವರಿಗೆ ಕೈಮುಗಿಯಬೇಕು.

ಹಾಗಾದರೆ ಅಂಕದ ಲೆಕ್ಕ?

ಕೇರಳದ ಎಸ್ಎಸ್ಎಲ್‌ಸಿಯಲ್ಲಿ 100 ಅಂಕದ ವಿಷಯಕ್ಕೆ ಲಿಖಿತ ಪರೀಕ್ಷೆ 80, ಸಿಇ 20. ಸಿಇ ಅಂದರೆ ವರ್ಷಪೂರ್ತಿ ತರಗತಿಯಲ್ಲಿ ಮಾಡುವ ಪ್ರೊಜೆಕ್ಟ್, ಅಸೈನ್‌ಮೆಂಟ್, ಚಟುವಟಿಕೆಗಳಿಗೆ ಕೊಡುವ ಅಂಕ. ಎರಡೂ ಸೇರಿ 30 ಆದರೆ ಮುಂದೆ ಓದಲು ಅರ್ಹತೆ ಸಿಗುತ್ತಿತ್ತು. ಸಿಇಯಲ್ಲಿ 20ಕ್ಕೆ 20 ಸಿಕ್ಕಿದ ಮಗು ಪರೀಕ್ಷೆಯಲ್ಲಿ 80ಕ್ಕೆ 10 ತೆಗೆದರೂ ಸಾಕಿತ್ತು. ಹೊಸ ನಿಯಮದಲ್ಲಿ ಲಿಖಿತ ಪರೀಕ್ಷೆಯಲ್ಲೇ 30% ಬೇಕು, ಅಂದರೆ 80ರಲ್ಲಿ 24. ಎಂಟನೇ ತರಗತಿಯಿಂದ ಒಂದೊಂದೇ ವರ್ಷ ಮೇಲೇರಿ 2026–27ರಲ್ಲಿ ಇದು ಹತ್ತನೇ ತರಗತಿಗೆ ತಲುಪಬೇಕು.

ಇದರಿಂದ ಚಟುವಟಿಕೆಗೆ ಬೆಲೆ ಕಡಿಮೆಯಾಯಿತು ಅಂತ ಕೆಲವರು ತಿಳಿಯುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಫೈಲಿನಲ್ಲಿ ಮಾತ್ರ ಇದ್ದ ಚಟುವಟಿಕೆಗೆ ಬೆಲೆ ಕಡಿಮೆಯಾಗಿದೆ. ತಲೆಯೊಳಗೆ ಹೋದ ಚಟುವಟಿಕೆ ಪರೀಕ್ಷೆಯ ಹಾಳೆಯ ಮೇಲೂ ಬರುತ್ತದೆ. ಮೇಲಿನ ಅಧ್ಯಯನಗಳಲ್ಲಿ ಮಕ್ಕಳು ಜಾಸ್ತಿ ಪಾಸಾದದ್ದು ಪರೀಕ್ಷೆಗಳಲ್ಲೇ ಅಲ್ವಾ?

ಮನೆಯಲ್ಲಿ ಏನು ಮಾಡಬಹುದು

ಪಿಟಿಎಯಲ್ಲಿ ಕೇಳಿದ ಆ ತಾಯಿ ಕೊನೆಗೆ ಇನ್ನೊಂದು ಮಾತು ಹೇಳಿದ್ದರು: "ನಾನು ಏಳನೇ ಕ್ಲಾಸು. ನನಗೆ ಇದೆಲ್ಲ ಹೇಳಿಕೊಡಲು ಬರುವುದಿಲ್ಲ." ಹೇಳಿಕೊಡಬೇಕಾಗಿಯೇ ಇಲ್ಲ. ಸಂಜೆ ಚಹಾ ಕುಡಿಯುವಾಗ ಪುಸ್ತಕ ಮುಚ್ಚಿಸಿ, "ಇವತ್ತು ವಿಜ್ಞಾನದಲ್ಲಿ ಏನಾಯಿತು, ನನಗೆ ಅರ್ಥ ಆಗುವ ಹಾಗೆ ಹೇಳು" ಅಂದರೆ ಸಾಕು. ತುಳುವಿನಲ್ಲಿ ಹೇಳಲಿ, ಮಲಯಾಳದಲ್ಲಿ ಹೇಳಲಿ. ಅರ್ಥ ಆಗದಲ್ಲಿ "ಅದು ಯಾಕೆ ಹಾಗೆ?" ಅಂತ ಕೇಳಿ. ನಿಮಗೆ ನಿಜವಾಗಿಯೂ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಮಗು ಸರಿಯಾಗಿ ವಿವರಿಸಲೇಬೇಕಾಗುತ್ತದೆ. ತಡವರಿಸಿದ ಜಾಗ ಯಾವುದೋ ಅದನ್ನು ಮಾತ್ರ ಪುಸ್ತಕ ತೆರೆದು ನೋಡಲಿ.

ಬಾಯಿಪಾಠ ಯಾವುದನ್ನು ಮಾಡುವುದು ಅನ್ನುವ ಪ್ರಶ್ನೆಗೂ ಇಲ್ಲಿಯೇ ಉತ್ತರ ಇದೆ. ಪುಸ್ತಕದ ಪ್ರಶ್ನೆಗೆ ಮಗು ತನ್ನ ಮಾತಿನಲ್ಲಿ ಉತ್ತರ ಬರೆಯಲಿ. ಟೀಚರ್ ಅದನ್ನು ತಿದ್ದಿ ಕೊಟ್ಟ ಮೇಲೆ ಎರಡು ದಿನ ಬಿಟ್ಟು, ನೋಟ್ಸ್ ಮುಚ್ಚಿಟ್ಟು, ಅದೇ ಪ್ರಶ್ನೆಗೆ ಮತ್ತೆ ಬರೆಯಲಿ. ಒಂದು ವಾರ ಬಿಟ್ಟು ಇನ್ನೊಮ್ಮೆ. ಹತ್ತು ಸಲ ಓದುವ ಹೊತ್ತಿನಲ್ಲಿ ಮೂರು ಸಲ ಹೀಗೆ ಬರೆಯಬಹುದು. ಮೊದಲ ಸಲ ಅರ್ಧವೂ ನೆನಪಾಗದಿದ್ದರೆ ಬೈಯಬೇಡಿ, ಅಟ್ಟ ಹತ್ತುವುದು ಮೊದಲ ಸಲ ಕಷ್ಟ. ಮುಂದಿನ ಕ್ಲಾಸ್ ಪಿಟಿಎಗೆ ಹೋಗುವಾಗ ಮಗುವಿನ ಅಂಕದ ಜೊತೆಗೆ ಇನ್ನೊಂದನ್ನೂ ಕೇಳಿ: "ಟೀಚರೇ, ನಮ್ಮ ಮಗು ಕ್ಲಾಸಿನಲ್ಲಿ ಮಾತಾಡುತ್ತದಾ?"